ಕಿಟ್ಟದಲ್ಲಿ ಉಳಿದ ಕಡಲು

ಜನಸಾಮಾನ್ಯರು ದಿನವೂ ಏನನ್ನು ಉಂಡರೆಂಬುದು ಇತಿಹಾಸಕಾರನ ಕೈಗೆ ಸುಲಭವಾಗಿ ಸಿಕ್ಕುವ ಸಂಗತಿಯಲ್ಲ. ಕಲ್ಲಿನ ಕೊಡಲಿ ಉಳಿಯುತ್ತದೆ, ಮಡಕೆಯ ಚೂರು ಉಳಿಯುತ್ತದೆ. ಸೊಪ್ಪುಸದೆಯಾದರೋ ಕೊಳೆತು ಹೇಳಹೆಸರಿಲ್ಲದಂತಾಗುತ್ತದೆ. ಹಾಗೆ ಮರೆಯಾದದ್ದರಲ್ಲಿ ಸಮುದ್ರಪಾಚಿಯೂ ಒಂದು. ಅದರ ಸುಳಿವನ್ನು ಕಾಪಾಡಿಕೊಟ್ಟದ್ದು ಸಮಾಧಿಗಳಲ್ಲಿ ದೊರೆತ ಎರಡು ಬಗೆಯ ಕಿಟ್ಟ.

ಸ್ಕಾಟ್ಲೆಂಡಿನ ಬಡಗಣ ತುದಿಯಾಚೆ ಆರ್ಕ್ನಿ ದ್ವೀಪಗಳಿವೆ. ಬಿರುಗಾಳಿಯ ನಾಡು, ಮರಗಳು ಬಲು ವಿರಳ. ಅಲ್ಲಿಯ ಕ್ವಾಂಟರ್ನೆಸ್ ಎಂಬಲ್ಲಿ ಸುಮಾರು ೫೦೦೦ ವರ್ಷ ಹಳೆಯದಾದ ಕಲ್ಲುಕೋಣೆಯ ಸಮಾಧಿಯೊಂದನ್ನು ಕಾಲಿನ್ ರೆನ್‌ಫ್ರೂ ೧೯೭೨ರಿಂದ ೧೯೭೪ರವರೆಗೆ ಅಗೆಸಿದರು. ಆ ಯುಗದ ಬ್ರಿಟನ್ನಿನ ಬೇಸಾಯಗಾರರು ಕಡಲ ಆಹಾರವನ್ನು ಬಹುಮಟ್ಟಿಗೆ ತೊರೆದಿದ್ದರೆಂಬ ಅಭಿಪ್ರಾಯ ಮೂಳೆಗಳ ಪರೀಕ್ಷೆಯಿಂದ ನೆಲೆಗೊಂಡಿತ್ತು. ಆದರೆ ಮೂಳೆ ಬರೆದಿಡುವುದು ಮುಖ್ಯವಾಗಿ ಪ್ರೋಟೀನಿನ ಲೆಕ್ಕವನ್ನು. ಪಾಚಿಯಂಥದು ಅದರ ಗಣನೆಗೆ ಬರುವುದು ಕಡಮೆ. ೨೦೨೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮೂಳೆಯನ್ನು ಬಿಟ್ಟು ಹಲ್ಲಿನತ್ತ ತಿರುಗಿತು. ಯೂರೋಪಿನ ೨೮ ನೆಲೆಗಳಲ್ಲಿ ದೊರೆತ ೭೪ ಜನರ ಹಲ್ಲುಗಳಿಗೆ ಅಂಟಿದ್ದ ಗಟ್ಟಿ ಕಿಟ್ಟವನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಕ್ವಾಂಟರ್ನೆಸ್ಸಿನವರ ಹಲ್ಲಿನಲ್ಲೂ ಸಮುದ್ರಪಾಚಿಯ ರಾಸಾಯನಿಕ ಕುರುಹು ಕಂಡಿತು. ಮೂಳೆ ಮರೆತದ್ದನ್ನು ಹಲ್ಲು ಮರೆತಿರಲಿಲ್ಲ.

ಎರಡನೆಯ ಕಿಟ್ಟ ಚಿತೆಯದು. ಆರ್ಕ್ನಿಯ ಕಂಚಿನ ಯುಗದ ಸಮಾಧಿಗಳಲ್ಲಿ ಸುಟ್ಟ ಎಲುಬುಗಳೊಡನೆ, ಗಾಜಿನಂತೆ ಕರಗಿ ಹೆಪ್ಪುಗಟ್ಟಿದ ತೂತುತೂತಾದ ಹೆಂಟೆಗಳು ಸಿಕ್ಕಿವೆ. ಇವಕ್ಕೆ ‘ಕ್ರ್ಯಾಂಪ್’ ಎಂದು ಹೆಸರು. ಪಾಚಿಯ ಬೂದಿಯಲ್ಲಿ ಕ್ಷಾರ ಹೆಚ್ಚು. ಅದು ಬೆರೆತರೆ ಮರಳು ಕಡಮೆ ಕಾವಿನಲ್ಲೇ ಕರಗುತ್ತದೆ. ಚಿತೆಯಲ್ಲಿ ಪಾಚಿ ಉರಿದುದರ ಫಲವೇ ಈ ಹೆಂಟೆಗಳೆಂದು ವಿದ್ವಾಂಸರು ವಿವರಿಸಿದ್ದಾರೆ. ೧೮ನೆಯ ಶತಮಾನದಲ್ಲಿ ಇದೇ ದ್ವೀಪಗಳವರು ಪಾಚಿಯನ್ನು ಸುಟ್ಟು, ಆ ಕ್ಷಾರವನ್ನೇ ಗಾಜು ಸಾಬೂನುಗಳ ತಯಾರಿಕೆಗೆ ಮಾರಿದರು.

ಅಷ್ಟು ಹೊತ್ತಿಗೆ ಪಾಚಿ ಊಟದ ತಟ್ಟೆಯಿಂದ ಇಳಿದು, ಬರಗಾಲದ ಕೂಳು, ದನಕುರಿಗಳ ಮೇವು ಎನ್ನಿಸಿಕೊಂಡಿತ್ತು. ನಮಗೆ ಕೀಳಾದದ್ದು ಹಿಂದಿನವರಿಗೂ ಕೀಳೇ ಆಗಿದ್ದಿರಬೇಕು, ಹಸಿವಿಗೆ ಸೋತು ತಿಂದಿರಬೇಕು ಎಂದು ಬಗೆಯುವುದು ಸುಲಭ. ಹಲ್ಲಿನ ಸಾಕ್ಷ್ಯ ಬೇರೆಯೇ ಇದೆ. ಸಮುದ್ರಪಾಚಿ ಇಲ್ಲವೆ ಸಿಹಿನೀರಿನ ಜಲಸಸ್ಯಗಳನ್ನು ತಿಂದ ಗುರುತು ಮಧ್ಯಶಿಲಾಯುಗದಿಂದ ಮಧ್ಯಯುಗದ ಆರಂಭದವರೆಗೆ, ಸ್ಕಾಟ್ಲೆಂಡಿನಿಂದ ಸ್ಪೇನಿನ ದಕ್ಷಿಣದವರೆಗೆ ಹಬ್ಬಿದೆ. ಸಾವಿರಾರು ವರ್ಷ ಉಂಡ ಊಟವನ್ನು ಬರಗಾಲದ ಊಟವೆನ್ನುವುದು ಹೇಗೆ? ಬದಲಾದದ್ದು ಪಾಚಿಯಲ್ಲ, ಅದನ್ನು ಕುರಿತ ಜನರ ಭಾವನೆ. ಒಂದು ಆಹಾರದ ಮಾನವನ್ನು ಇಂದು ಅದನ್ನು ಯಾರು ತಿನ್ನುತ್ತಾರೆಂಬುದರಿಂದ ಅಳೆಯಹೊರಟರೆ, ನಿನ್ನೆ ಉಂಡವರಿಗೆ ನಾವು ಅನ್ಯಾಯ ಮಾಡಿದಂತೆಯೇ ಸರಿ.