‘ಸೆಟ್’ ಶಬ್ದದ ಎರಡು ಮನೆತನ

ರೇಡಿಯೋ ಸೆಟ್ಟಿನ ‘ಸೆಟ್’ ಬಹು ಪುಟ್ಟ ಶಬ್ದ. ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ. ಆದರೆ 1989ರಲ್ಲಿ 20 ಸಂಪುಟಗಳಾಗಿ ಹೊರಬಂದ ಆಕ್ಸ್‌ಫರ್ಡ್ ಮಹಾನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ವಿವರಣೆ ದೊರೆತದ್ದು ಇದರ ಕ್ರಿಯಾಪದಕ್ಕೇ. ಸುಮಾರು 60,000 ಪದಗಳು, 430 ಅರ್ಥಗಳು! ಮುಂದಿನ ಪರಿಷ್ಕರಣದಲ್ಲಿ ‘ರನ್’ ಶಬ್ದ 645 ಅರ್ಥಗಳೊಡನೆ ಇದನ್ನು ಹಿಂದೆ ಹಾಕಿತು. ಇದನ್ನು ಪಂದ್ಯವೆಂದು ನೋಡಬೇಕಾಗಿಲ್ಲ. ಹರಳು ಕೂರಿಸುವುದೂ ಎಲುಬು ಕೂರಿಸುವುದೂ ಒಂದೇ ಅರ್ಥವೋ ಎರಡೋ ಎಂಬುದು ನಿಘಂಟುಕಾರರ ತೀರ್ಮಾನ.

ಶಬ್ದದ ಚರಿತ್ರೆಯೇ ಹೆಚ್ಚು ಸ್ವಾರಸ್ಯವಾದದ್ದು. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ‘ಸೆಟ್ಟನ್’. ಕೂರುವುದೆಂಬ ಅರ್ಥದ ‘ಸಿಟ್’ ಎಂಬುದರ ಪ್ರೇರಣಾರ್ಥಕ ರೂಪ. ನಮ್ಮ ‘ಕೂರು’, ‘ಕೂರಿಸು’ ಇದ್ದಂತೆಯೇ. ಅಷ್ಟು ತಿಳಿದರೆ ಎಷ್ಟೋ ತೊಡಕು ಬಿಡಿಸಿಕೊಳ್ಳುತ್ತದೆ. ಉಂಗುರದ ಹರಳು, ಮುರಿದ ಎಲುಬು, ಅಚ್ಚುಕೂಟದ ಮೊಳೆ, ಗಡಿಯಾರದ ಮುಳ್ಳು, ಎಲ್ಲವನ್ನೂ ಇಂಗ್ಲಿಷರು ‘ಸೆಟ್’ ಮಾಡುತ್ತಾರೆ. ಸೂರ್ಯನೂ ಪಡುವಣದಲ್ಲಿ ‘ಸೆಟ್’ ಆಗುತ್ತಾನೆ, ಅವನನ್ನು ಕೂರಿಸುವವರಾರೋ!

ಗುಂಪು, ಜೋಡಣೆ ಎಂಬ ಅರ್ಥದ ನಾಮಪದ ಮಾತ್ರ ಬೇರೆ ಕಡೆಯಿಂದ ಬಂದದ್ದು. ಲ್ಯಾಟಿನಿನ ‘ಸೆಕ್ಟ’, ಎಂದರೆ ಅನುಯಾಯಿಗಳ ಬಳಗ, ಹಳೆಯ ಫ್ರೆಂಚಿನಲ್ಲಿ ‘ಸೆಟ್ಟೆ’ಯಾಗಿ ಇಂಗ್ಲಿಷಿಗೆ ಇಳಿಯಿತು. ಪಂಥವೆಂಬ ಅರ್ಥದ ‘ಸೆಕ್ಟ್’ ಅದರ ಒಡಹುಟ್ಟು. ರೂಪ ಒಂದೇ ಆದುದರಿಂದ ಎರಡು ಮನೆತನಗಳೂ ಕ್ರಮೇಣ ಬೆರೆತುಹೋದವು.

ಬಿಡಿಭಾಗಗಳೆಲ್ಲ ಕೂಡಿದ ಉಪಕರಣವಾದುದರಿಂದ ರೇಡಿಯೋ ಸೆಟ್ಟು ಈ ಎರಡನೆಯ ಮನೆತನದ್ದು. ಮೇಜಿನ ಮೇಲೆ ಕೂರಿಸಿದ್ದರಿಂದ ಬಂದ ಹೆಸರಲ್ಲ. ಅದರ ಮುಳ್ಳನ್ನು ನಿಲಯಕ್ಕೆ ‘ಸೆಟ್’ ಮಾಡುವಾಗ ಮಾತ್ರ ಮೊದಲನೆಯ ಮನೆತನ ಕೈಗೆ ಸಿಗುತ್ತದೆ.