ರಾಸಸುಂದರೀ ದೇವಿಯ ಮುಪ್ಪಿನ ನೆನಪುಗಳು

ವಂಗದೇಶದ ಕಥೆಗಳು ಕನ್ನಡಿಗರಿಗೆ ಹೊಸವಲ್ಲ. ಬಿ. ವೆಂಕಟಾಚಾರ್ಯರು (1845–1914) ಬಂಕಿಮಚಂದ್ರರ ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಕನ್ನಡಕ್ಕೆ ತಂದಂದಿನಿಂದ ಆ ದೇಶದ ಕೋಟೆಕೊತ್ತಲಗಳೂ ಸಂನ್ಯಾಸಿಗಳೂ ವೀರನಾರಿಯರೂ ಕನ್ನಡನಾಡಿನ ಮನೆಮನೆಗಳಿಗೆ ಪರಿಚಿತರಾದರು. ಆದರೆ ಬಂಕಿಮಚಂದ್ರರು ಕಲ್ಪನೆಯ ಸ್ತ್ರೀಯರನ್ನು ಚಿತ್ರಿಸುತ್ತಿದ್ದ ಕಾಲದಲ್ಲಿಯೇ, ಅದೇ ವಂಗದೇಶದ ಒಂದು ಹಳ್ಳಿಯಲ್ಲಿ, ಮುಪ್ಪಿನ ಗೃಹಿಣಿಯೊಬ್ಬಳು ತನ್ನ ಬಾಳಿನ ಕಥೆಯನ್ನು ತನ್ನ ಕೈಯಿಂದಲೇ ಬರೆಯುತ್ತಿದ್ದಳೆಂಬುದು ಇಲ್ಲಿ ಅಷ್ಟಾಗಿ ತಿಳಿದಿಲ್ಲ. ಆಕೆಯ ಹೆಸರು ರಾಸಸುಂದರೀ ದೇವಿ. ಪುಸ್ತಕದ ಹೆಸರು ‘ಆಮಾರ್ ಜೀವನ್’, ಎಂದರೆ ‘ನನ್ನ ಬಾಳು’. ಬಂಗಾಳಿ ಭಾಷೆಯಲ್ಲಿ ಅಚ್ಚಾದ ಮೊದಲನೆಯ ಆತ್ಮಚರಿತ್ರೆಯೆಂದು ಸಾಹಿತ್ಯ ಚರಿತ್ರಕಾರರು ಇದನ್ನೇ ಎಣಿಸುವರು. ಅದರ ಮೊದಲ ಭಾಗವು 1876ರಲ್ಲಿ ಹೊರಬಂದಾಗ ಆಕೆಗೆ ಸುಮಾರು 67 ವರ್ಷ. ಎರಡನೆಯ ಭಾಗವನ್ನೂ ಕೂಡಿಸಿ 1897ರಲ್ಲಿ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದಾಗ 88. ಈ ಮುದ್ರಣಕ್ಕೆ ಮುನ್ನುಡಿ ಬರೆದವರು ರವೀಂದ್ರನಾಥ ಠಾಕೂರರ ಅಣ್ಣಂದಿರಾದ ಜ್ಯೋತಿರಿಂದ್ರನಾಥರು.

ಈ ಗ್ರಂಥವು ಒಂದೇ ಓಟದ ಚರಿತ್ರೆಯಲ್ಲ. ಮೊದಲ ಭಾಗದಲ್ಲಿ ಹದಿನಾರು, ಎರಡನೆಯದರಲ್ಲಿ ಹದಿನೈದು ಸಣ್ಣ ಸಣ್ಣ ರಚನೆಗಳಿವೆ. ಪ್ರತಿಯೊಂದರ ಆರಂಭದಲ್ಲಿಯೂ ದೇವರ ಸ್ತುತಿರೂಪವಾದ ಒಂದು ಪದ್ಯ; ಅದರ ಹಿಂದೆಯೇ ಒಂದೆರಡು ನೆನಪುಗಳು. ಸಂಜೆಯ ದೀಪ ಹಚ್ಚಿದ ಮೇಲೆ ಅಜ್ಜಿಯೊಬ್ಬಳು ಮೊದಲು ಕೈಮುಗಿದು ಆಮೇಲೆ ಮೊಮ್ಮಕ್ಕಳಿಗೆ ಕಥೆ ಹೇಳುವ ಕ್ರಮ ಯಾವುದೋ ಅದೇ ಕ್ರಮ ಇಲ್ಲಿಯದು. ಭಾಷೆಯಲ್ಲಿ ಆಡಂಬರವಿಲ್ಲ. ಹೇಳಿದ ಮಾತನ್ನೇ ಕೆಲವೆಡೆ ಮತ್ತೆ ಹೇಳುವುದುಂಟು. ಆದರೂ ವಾಚಕನು ಪುಸ್ತಕವನ್ನು ಕೆಳಗಿಡಲಾರ.

ರಾಸಸುಂದರಿಯು ಹುಟ್ಟಿದ್ದು ಸುಮಾರು 1809ರಲ್ಲಿ, ಪಾಬ್ನಾ ಜಿಲ್ಲೆಯ ಪೋತಾಜಿಯಾ ಎಂಬ ಗ್ರಾಮದಲ್ಲಿ. ಆ ಪ್ರಾಂತವು ಈಗ ಬಾಂಗ್ಲಾದೇಶಕ್ಕೆ ಸೇರಿದೆ. ತಂದೆಯು ಆಕೆ ತಿಳಿವು ಬರುವ ಮೊದಲೇ ತೀರಿಕೊಂಡಿದ್ದನು. ಹುಡುಗಿಯು ಬಹಳ ಅಂಜುಬುರುಕಿ. ಹೆದರಿಕೆಯಾದಾಗ ಮನೆದೇವರಾದ ದಯಾಮಾಧವನನ್ನು ಕರೆಯೆಂದು ತಾಯಿಯು ಹೇಳಿಕೊಟ್ಟಳು. ಎಂಬತ್ತು ವರ್ಷ ದಾಟಿದ ಮೇಲೂ ಆಕೆ ಮರೆಯದೆ ಸ್ಮರಿಸುವುದು ತಾಯಿಯ ಈ ಒಂದು ಮಾತನ್ನು. ಮನೆಯ ಹೊರಚಾವಡಿಯಲ್ಲಿ ಹುಡುಗರ ಪಾಠಶಾಲೆ ನಡೆಯುತ್ತಿದ್ದಿತು. ಹುಡುಗಿಯನ್ನು ಅಲ್ಲಿ ಸುಮ್ಮನೆ ಕೂರಿಸುತ್ತಿದ್ದರು. ಕಲಿಸುವುದಕ್ಕಲ್ಲ, ಎಲ್ಲರ ಕಣ್ಣೆದುರಿನಲ್ಲಿರಲೆಂದು. ಹುಡುಗರು ನೆಲದ ಮೇಲೆ ಬರೆದು ಗಟ್ಟಿಯಾಗಿ ಓದುತ್ತಿದ್ದ ಅಕ್ಷರಗಳನ್ನು ಆಕೆಯು ಮಾತಾಡದೆ ನೋಡಿ ನೋಡಿ ಮನಸ್ಸಿನಲ್ಲಿಟ್ಟುಕೊಂಡಳು. ಇದು ಯಾರಿಗೂ ತಿಳಿಯಲಿಲ್ಲ. ಮುಂದೆ ಮನೆಗೆ ಬೆಂಕಿ ಬಿದ್ದು ಶಾಲೆಯೂ ನಿಂತಿತು.

ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯಾಯಿತು. ಗಂಡನ ಮನೆಯಿದ್ದುದು ರಾಮದಿಯಾ ಎಂಬ ಊರಿನಲ್ಲಿ, ಅನುಕೂಲಸ್ಥರ ಮನೆತನ. ತಾಯಿಯನ್ನು ಬಿಟ್ಟು ಹೊರಟ ದಿನವನ್ನು ನೆನೆಯುವಾಗ ಆ ವೃದ್ಧೆಯು ತನ್ನನ್ನು ಬಲಿಪೀಠಕ್ಕೆ ಎಳೆದೊಯ್ಯುವ ಆಡಿನ ಮರಿಗೆ ಹೋಲಿಸಿಕೊಂಡಿದ್ದಾಳೆ. ಅತ್ತೆಯು ಕೆಟ್ಟವಳಲ್ಲ, ಹುಡುಗಿಯನ್ನು ಮಗಳಂತೆಯೇ ನೋಡಿಕೊಂಡಳು. ಆದರೆ ಕೆಲವು ವರ್ಷಗಳಲ್ಲಿಯೇ ಅತ್ತೆ ಹಾಸಿಗೆ ಹಿಡಿದು, ಮನೆಯ ಹೊರೆಯೆಲ್ಲವೂ ಈಕೆಯ ಹೆಗಲಿಗೆ ಬಂದಿತು. ಸುಮಾರು 25 ಮಂದಿಗೆ ಎರಡು ಹೊತ್ತು ಅಡಿಗೆ, ದೇವರ ನೈವೇದ್ಯ, ಬಂದುಹೋಗುವವರ ಸತ್ಕಾರ. 18ನೆಯ ವಯಸ್ಸಿನಲ್ಲಿ ಮೊದಲ ಮಗು, 41ನೆಯ ವಯಸ್ಸಿನಲ್ಲಿ ಕೊನೆಯದು. ಒಟ್ಟು ಹನ್ನೆರಡು ಹೆರಿಗೆಗಳು. ಸೊಸೆಯಾದವಳು ಎದೆಯವರೆಗೆ ದಪ್ಪ ಬಟ್ಟೆಯ ಮುಸುಕೆಳೆದುಕೊಂಡು, ಯಾರೊಡನೆಯೂ ಮಾತಾಡದೆ ದುಡಿಯಬೇಕು. ಮುಸುಕಿನೊಳಗಿನಿಂದ ತನ್ನ ಪಾದಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲವೆಂದೂ, ಕಣ್ಣುಕಟ್ಟಿದ ಗಾಣದ ಎತ್ತಿನ ಹಾಗೆ ತಾನಿದ್ದೆನೆಂದೂ ಆಕೆ ಬರೆದಿರುವಳು.

ಆಕೆಯ ನೆನಪುಗಳಲ್ಲೆಲ್ಲ ನಗುವೂ ಮರುಕವೂ ಕೂಡಿಯೇ ಬರುವ ಒಂದು ಪ್ರಸಂಗವಿದೆ. ಗಂಡನಿಗೆ ಜಯಹರಿ ಎಂಬ ಕುದುರೆಯಿದ್ದಿತು. ಒಂದು ದಿನ ಹಿರಿಯ ಮಗನನ್ನು ಅದರ ಮೇಲೆ ಕೂರಿಸಿ ಒಳಂಗಳಕ್ಕೆ ತಂದು, ತಾಯಿಯು ಬಂದು ನೋಡಲೆಂದು ಕರೆದರು. ಕುದುರೆಯು ಯಜಮಾನನದು, ಯಜಮಾನನ ಕುದುರೆಯ ಕಣ್ಣಿಗೆ ಬೀಳುವುದು ಹೇಗೆಂದು ಆಕೆಯು ಒಳಗೆ ಅಡಗಿದಳು. ಮತ್ತೊಂದು ಸಲ ಅಂಗಳದಲ್ಲಿ ಹರಡಿದ್ದ ಭತ್ತವನ್ನು ಆ ಕುದುರೆಯು ಬಂದು ತಿನ್ನುತ್ತಿದ್ದರೂ ಓಡಿಸಲು ಹೊರಬರಲಿಲ್ಲ. ಮುಪ್ಪಿನಲ್ಲಿ ಇದನ್ನು ಬರೆಯುವಾಗ ಆಕೆ ತನ್ನ ಮೂಢತನಕ್ಕೆ ತಾನೇ ನಗುತ್ತಾಳೆ. ಆದರೆ ಆ ನಗುವಿನ ಹಿಂದೆ, ಹೆಣ್ಣಿನ ಮನಸ್ಸಿನಲ್ಲಿ ಭಯವನ್ನು ಎಷ್ಟು ಆಳಕ್ಕೆ ಬಿತ್ತಿದ್ದರೆಂಬುದು ಯಾವ ಸುಧಾರಕನ ಉಪನ್ಯಾಸಕ್ಕಿಂತಲೂ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ನೆನಪು ಊಟದ್ದು. ಮನೆಯವರೆಲ್ಲರಿಗೂ ಬಡಿಸಿ, ಕಟ್ಟಕಡೆಗೆ ತನ್ನ ಎಲೆಗೆ ಅನ್ನ ಹಾಕಿಕೊಂಡ ಹೊತ್ತಿಗೆ ಹಸಿದ ಅತಿಥಿಯೊಬ್ಬನು ಬಂದನು. ಆ ಅನ್ನವನ್ನು ಅವನಿಗೆ ಕೊಟ್ಟುದಾಯಿತು. ರಾತ್ರಿ ಮತ್ತೆ ಅಡಿಗೆ ಮಾಡಿ ಬಡಿಸಿ ತಾನು ಕೂರುವಷ್ಟರಲ್ಲಿ ಮಕ್ಕಳು ಎದ್ದು ಅತ್ತವು, ಗಾಳಿಮಳೆಗೆ ದೀಪ ಆರಿತು. ಹೀಗೆ ಆಕೆಯು ಉಪವಾಸವೇ ಉಳಿದಳು. ಕಣಜ ತುಂಬಿದ್ದ ಮನೆ, ಅನ್ನಕ್ಕೆ ಕೊರತೆಯಿರಲಿಲ್ಲ. ಮನೆಯೊಡತಿಯು ಉಂಡಳೇ ಇಲ್ಲವೇ ಎಂದು ಕೇಳುವವರು ಮಾತ್ರ ಇರಲಿಲ್ಲ. ತನಗೆ ಹಸಿವಾಗಿದೆಯೆಂದು ಹೇಳಿಕೊಳ್ಳಲು ಆಕೆಗೂ ನಾಚಿಕೆ.

ಇಂತಹ ಅಡಿಗೆಯ ಮನೆಯಲ್ಲಿಯೇ ಆ ಬಾಳಿನ ಮುಖ್ಯ ಘಟನೆಯೂ ನಡೆಯಿತು. ಹೆಣ್ಣು ಓದಿದರೆ ವಿಧವೆಯಾಗುವಳೆಂಬ ನಂಬಿಕೆಯು ವಂಗದೇಶದಲ್ಲಿ ಆಗ ಬಲವಾಗಿದ್ದಿತು. ರಾಸಸುಂದರಿಗೆ ಓದಬೇಕೆಂಬ ಆಸೆ. ಆ ಆಸೆ ಹುಟ್ಟಿದುದಕ್ಕೆ ತನ್ನ ಮೇಲೆಯೇ ಕೋಪ. ಸುಮಾರು 25 ವರ್ಷ ವಯಸ್ಸಿನಲ್ಲಿ ಒಂದು ರಾತ್ರಿ ತಾನು ‘ಚೈತನ್ಯ ಭಾಗವತ’ವನ್ನು ಓದುತ್ತಿರುವಂತೆ ಕನಸು ಕಂಡಳು. ಕಾಕತಾಳೀಯವೋ ದೈವಕೃಪೆಯೋ, ಆ ದಿನವೇ ಗಂಡನು ಮಗನನ್ನು ಕರೆದು ಅದೇ ಗ್ರಂಥವನ್ನು ಅಡಿಗೆಯ ಮನೆಯಲ್ಲಿ ಇಟ್ಟಿರೆಂದು ಹೇಳಿದುದು ಆಕೆಯ ಕಿವಿಗೆ ಬಿದ್ದಿತು. ಆ ಕಾಲದ ಕೈಬರೆಹದ ಪುಸ್ತಕಗಳಿಗೆ ಹೊಲಿಗೆಯಿರಲಿಲ್ಲ. ಬಿಡಿ ಹಾಳೆಗಳನ್ನು ಮರದ ಹಲಗೆಗಳ ನಡುವೆ ಇಟ್ಟು ಕಟ್ಟುತ್ತಿದ್ದರು. ಹಲಗೆಯ ಮೇಲಿನ ಚಿತ್ರದ ಗುರುತಿನಿಂದ ಗ್ರಂಥವನ್ನು ತಿಳಿದು, ಆಕೆಯು ಅದರಿಂದ ಒಂದು ಹಾಳೆಯನ್ನು ತೆಗೆದು ಬಚ್ಚಿಟ್ಟಳು. ಮಗನು ಅಕ್ಷರ ತಿದ್ದುತ್ತಿದ್ದ ತಾಳೆಗರಿಯೊಂದನ್ನೂ ಕದ್ದಳು. ಒಲೆಯ ಮುಂದೆ ಕುಳಿತು, ಬಲಗೈಯಲ್ಲಿ ಅಡಿಗೆ ಮಾಡುತ್ತ, ಎಡಗೈಯಲ್ಲಿ ಹಾಳೆಯನ್ನು ಮುಸುಕಿನೊಳಗೆ ಹಿಡಿದು, ಗರಿಯ ಅಕ್ಷರವನ್ನೂ ಹಾಳೆಯ ಅಕ್ಷರವನ್ನೂ, ಬಾಲ್ಯದಲ್ಲಿ ಕಂಡಿದ್ದ ಅಕ್ಷರವನ್ನೂ ಒಂದಕ್ಕೊಂದು ಹೊಂದಿಸಿ ನೋಡುತ್ತಿದ್ದಳು. ಹೀಗೆ ಬಹುಕಾಲ ಕಷ್ಟಪಟ್ಟು, ಗುರುವಿಲ್ಲದೆ, ಯಾರಿಗೂ ತಿಳಿಯದಂತೆ ಆಕೆ ಓದಲು ಕಲಿತಳು. ಮುಂದೆ ವಿಷಯವು ನಾದಿನಿಯರಿಗೆ ತಿಳಿಯಿತು. ಈಕೆ ಹೆದರಿದಂತೆ ಅವರು ಸಿಟ್ಟಾಗಲಿಲ್ಲ. ಸಂತೋಷಪಟ್ಟು ತಮಗೂ ಕಲಿಸೆಂದರು.

ಓದುವುದು ಬಂದಿತು, ಬರೆಯುವುದು ಬರಲಿಲ್ಲ. ಬರೆಯಲು ಕಾಗದ, ಲೇಖನಿ, ಮಸಿ ಬೇಕು; ಕೂರಲು ಸ್ಥಳ ಬೇಕು; ಹಾಳೆಯಂತೆ ಅವನ್ನು ಸೆರಗಿನಲ್ಲಿ ಅಡಗಿಸುವುದಕ್ಕಾಗದು. ಹಲವು ವರ್ಷಗಳ ಮೇಲೆ, ಊರು ಬಿಟ್ಟು ಓದಲು ಹೋಗಿದ್ದ ಒಬ್ಬ ಮಗನು, ತನ್ನ ಕಾಗದಗಳಿಗೆ ತಾಯಿಯಿಂದ ಉತ್ತರವೇಕೆ ಬರುವುದಿಲ್ಲವೆಂದು ಕೇಳಿ, ಬರೆಯುವ ಸಾಮಗ್ರಿಯನ್ನು ತಾನೇ ತಂದುಕೊಟ್ಟನು. ಗಂಡನ ಚಿಕಿತ್ಸೆಗಾಗಿ ಮನೆ ಬಿಟ್ಟು ಕೆಲಕಾಲ ಬೇರೆಡೆಯಲ್ಲಿ ಇರಬೇಕಾದಾಗ ಕೆಲಸದ ಹೊರೆ ಇಳಿದು, ಕೈಗೆ ಬಿಡುವು ದೊರೆತು, ಆಕೆ ಬರೆಯಲು ಕಲಿತಳು. 1868ರಲ್ಲಿ ಗಂಡನು ತೀರಿಕೊಂಡನು. ಆಗ ಆಕೆಗೆ 59 ವರ್ಷ. ಪುಸ್ತಕವು ಹೊರಬಂದುದು ಆ ಬಳಿಕ.

ಈ ಕ್ರಮವನ್ನು ಸ್ವಲ್ಪ ಆಲೋಚಿಸಿ ನೋಡಬೇಕು. ಮುದುಕರು ಹಳೆಯದನ್ನು ಹೇಳುವುದು ಬೇರೆ ಕೆಲಸವಿಲ್ಲದುದರಿಂದ ಎಂದು ಲೋಕದಲ್ಲಿ ಮಾತಿದೆ. ರಾಸಸುಂದರಿಯ ಮಟ್ಟಿಗೆ ಈ ಮಾತು ಸಲ್ಲದು. ಬಾಲ್ಯದಲ್ಲಿ ಆಕೆ ಕೂತಲ್ಲಿ ಮಾತಾಡಬಾರದು; ಸೊಸೆಯಾಗಿದ್ದಾಗ ಮುಸುಕು ತೆಗೆಯಬಾರದು; ತಾಯಿಯಾಗಿದ್ದಾಗ ಬಿಡುವಿಲ್ಲ. ಹೆತ್ತ ತಾಯಿಯು ಮರಣಶಯ್ಯೆಯಲ್ಲಿದ್ದಾಗಲೂ ಹೋಗಿ ನೋಡಲು ಅಪ್ಪಣೆ ದೊರೆಯಲಿಲ್ಲ. ತಾನು ಗಂಡುಮಗನಾಗಿದ್ದರೆ ಹಕ್ಕಿಯಂತೆ ಹಾರಿ ಹೋಗುತ್ತಿದ್ದೆ, ಪಂಜರದ ಹಕ್ಕಿಯಾಗಿ ಏನು ಮಾಡಲಿ ಎಂದು ಆಕೆ ದುಃಖಿಸಿದ್ದಾಳೆ. ಮಕ್ಕಳು ದೊಡ್ಡವರಾಗಿ, ಮೇಲೆ ಹಿರಿಯರಾರೂ ಇಲ್ಲದೆ, ಮುಸುಕಿನ ಬಿಗಿ ತಾನಾಗಿಯೇ ಸಡಿಲಿದಾಗ ಮಾತ್ರ ಆಕೆಗೆ ತನ್ನ ಮಾತನ್ನು ಆಡುವ ಅಧಿಕಾರ ಬಂದಿತು. ಅಲ್ಲಿಯವರೆಗೆ ಐವತ್ತು ಅರುವತ್ತು ವರ್ಷಗಳ ನೆನಪುಗಳನ್ನು ಆಕೆ ಹಾಗೆಯೇ ಕಾಪಾಡಿಕೊಂಡು ಬಂದಿದ್ದಳು.

ಕನ್ನಡದಲ್ಲಿ ಡಿ. ವಿ. ಗುಂಡಪ್ಪನವರ (1887–1975) ‘ಜ್ಞಾಪಕ ಚಿತ್ರಶಾಲೆ’ಯನ್ನು ಬಲ್ಲವರಿಗೆ ಈ ವ್ಯತ್ಯಾಸವು ಬೇಗನೆ ಹೊಳೆಯುವುದು. ಅದರ ಎಂಟು ಸಂಪುಟಗಳೂ ಮುಪ್ಪಿನ ನೆನಪುಗಳೇ. ಅಲ್ಲಿಯೂ ಸಣ್ಣ ಸಣ್ಣ ಪ್ರಸಂಗಗಳೇ. ಆದರೆ ಗುಂಡಪ್ಪನವರು ಎಳೆವಯಸ್ಸಿನಿಂದಲೂ ಪತ್ರಿಕೆಗಳಲ್ಲಿ ಬರೆದವರು, ಸಭೆಗಳಲ್ಲಿ ಮಾತಾಡಿದವರು. ಆದುದರಿಂದ ಮುಪ್ಪಿನಲ್ಲಿ ತಮ್ಮನ್ನು ಹಿಂದಕ್ಕೆ ಸರಿಸಿಕೊಂಡು, ದಿವಾನರು, ವಿದ್ವಾಂಸರು, ಗಾಯಕರು, ವೈದಿಕರು ಮೊದಲಾದ ಪರರ ಚಿತ್ರಗಳನ್ನು ಬರೆದರು. ‘ನಾನು’ ಎಂಬುದನ್ನು ಬಿಡುವುದು ಅಲ್ಲಿ ಸೌಜನ್ಯ. ರಾಸಸುಂದರಿಗೆ ‘ನಾನು’ ಎಂಬ ಮಾತನ್ನು ಉಚ್ಚರಿಸುವುದೇ ಒಂದು ಸಾಹಸ. ಪುಸ್ತಕದ ಹೆಸರಿನಲ್ಲಿಯೇ ಆ ಮಾತಿದೆ.

ಚರಿತ್ರೆಯ ದೃಷ್ಟಿಯಿಂದ ಈ ನೆನಪುಗಳ ಬೆಲೆಯೇನು? ಸಹಗಮನವನ್ನು ನಿಷೇಧಿಸಿದುದು 1829ರಲ್ಲಿ. ಕಲ್ಕತ್ತೆಯಲ್ಲಿ ಬೆಥೂನರು ಹೆಣ್ಣುಮಕ್ಕಳ ಶಾಲೆಯನ್ನು ತೆರೆದುದು 1849ರಲ್ಲಿ. ವಿದ್ಯಾಸಾಗರರ ಪ್ರಯತ್ನದಿಂದ ವಿಧವಾ ವಿವಾಹದ ಕಾನೂನು ಬಂದುದು 1856ರಲ್ಲಿ. ಮರು ವರ್ಷವೇ ಸಿಪಾಯಿಗಳ ದಂಗೆ. ಇವೆಲ್ಲವೂ ರಾಸಸುಂದರಿಯ ಜೀವಿತಕಾಲದಲ್ಲಿಯೇ ನಡೆದುವು. ಆಕೆಯ ಕಥೆಯು ಇವುಗಳ ಸುತ್ತ ಸುತ್ತುವುದಿಲ್ಲ. ಈಗಿನ ಹುಡುಗಿಯರನ್ನು ತಂದೆತಾಯಿಗಳು ಓದಿಸುವರು, ಅವರು ಭಾಗ್ಯವಂತರು ಎಂದು ಸಂತೋಷಪಡುವಳು, ಅಷ್ಟೆ. ಕಾನೂನುಗಳನ್ನೂ ಸಭೆಗಳ ನಿರ್ಣಯಗಳನ್ನೂ ಓದಿದವರಿಗೆ ಸ್ತ್ರೀವಿದ್ಯೆಯು ಮಹಾಪುರುಷರು ಕೊಟ್ಟ ದಾನವೆಂಬ ಭಾವನೆ ಸಹಜವಾಗಿ ಬರುವುದು. ಬೆಥೂನರ ಶಾಲೆ ತೆರೆಯುವುದಕ್ಕೆ ಹದಿನೈದು ವರ್ಷಗಳಷ್ಟು ಮುಂಚೆಯೇ, ರಾಜಧಾನಿಗೆ ದೂರವಾದ ಹಳ್ಳಿಯಲ್ಲಿ, ಹೆಣ್ಣೊಬ್ಬಳು ಯಾರನ್ನೂ ಕೇಳದೆ ಅದನ್ನು ತಾನೇ ಸಂಪಾದಿಸಿದಳೆಂಬುದಕ್ಕೆ ಸರ್ಕಾರದ ಯಾವ ದಫ್ತರದಲ್ಲಿಯೂ ದಾಖಲೆಯಿರಲು ಸಾಧ್ಯವಿಲ್ಲ. ಕದ್ದವಳೇ ಹೇಳಿದ್ದರಿಂದ ಅದು ತಿಳಿಯಿತು.

ವೃದ್ಧರ ನೆನಪನ್ನು ಹಾಗೆಯೇ ಪ್ರಮಾಣವೆಂದು ಒಪ್ಪಲಾಗದೆಂಬುದೂ ನಿಜ. ಎಂಟನೆಯ ವಯಸ್ಸಿನ ಸಂಗತಿಯನ್ನು ಅರುವತ್ತೇಳರಲ್ಲಿ ಬರೆಯುವಾಗ ಕಾಲವೂ ಕ್ರಮವೂ ಕದಡುವುವು. ಎಲ್ಲದರಲ್ಲಿಯೂ ದೇವರ ಕೈಯನ್ನು ಕಾಣುವ ಭಕ್ತೆಯಾದುದರಿಂದ, ತನ್ನ ಛಲವನ್ನು ಸಹ ಆಕೆ ದೇವರ ಕೃಪೆಯ ಲೆಕ್ಕಕ್ಕೇ ಬರೆದಿದ್ದಾಳೆ. ಗಂಡನನ್ನು ಕುರಿತು ಆಡಿದ ಮಾತುಗಳು ಬಹಳ ಕಡಮೆ; ಆ ಮೌನದಲ್ಲಿ ಗೌರವವೆಷ್ಟು, ಸಂಕೋಚವೆಷ್ಟು, ನೋವೆಷ್ಟು ಎಂದು ವಾಚಕನೇ ಊಹಿಸಬೇಕು. ಆದರೂ ತಾರೀಖು ತಪ್ಪಬಹುದಲ್ಲದೆ, ಮುಸುಕಿನೊಳಗಿನಿಂದ ಕಂಡ ಪಾದಗಳು ತಪ್ಪಲಾರವು. ಅಂತಹ ಸಂಗತಿಯನ್ನು ಅನುಭವಿಸಿದವರಲ್ಲದೆ ಬೇರೆಯವರು ಕಟ್ಟಿ ಹೇಳಲಾರರು.

ರಾಸಸುಂದರಿಯ ಬಾಳಿನಲ್ಲಿ ತಾಯಿಗೆ ಕಾಗದ ಮಸಿಗಳನ್ನು ತಂದುಕೊಟ್ಟ ಆ ಮಗನನ್ನು ಮರೆಯತಕ್ಕದ್ದಲ್ಲ. ಅವನು ಕೇಳಿದುದು ತನ್ನ ಕಾಗದಕ್ಕೊಂದು ಉತ್ತರವನ್ನು ಮಾತ್ರ. ದೇಶಕ್ಕೆ ದೊರೆತುದು ಒಂದು ಗ್ರಂಥ. ಆ ಕಾಲದ ಮನೆಮನೆಗಳಲ್ಲಿಯೂ ಹೇಳುವ ಮಾತಿದ್ದ ಮುದುಕಿಯರಿದ್ದರು. ಕೇಳುವವರಿಲ್ಲದೆ ಅವರೊಡನೆಯೇ ಹೋದ ಕಥೆಗಳನ್ನು ಎಣಿಸಿದವರಾರು? ಈಗಲೂ ಮನೆಯ ಮೂಲೆಯಲ್ಲಿ ಕುಳಿತ ಹಿರಿಯ ಜೀವವೊಂದು, ಹಿಂದೆ ಏನಾಯಿತು ಗೊತ್ತೇ ಎಂದು ಮಾತು ತೆಗೆದರೆ, ಅದು ಕೇಳಿದ ಕಥೆಯೇ ಎಂದು ಎದ್ದುಹೋಗುವವರು ಒಂದು ಕ್ಷಣ ಕುಳಿತು ಕೇಳುವುದು ಒಳ್ಳೆಯದು. ಅದರ ಹತ್ತಿರ ಇನ್ನೂ ಯಾರಿಗೂ ತೋರಿಸದ ಹಾಳೆಯೊಂದು ಇದ್ದರೂ ಇರಬಹುದು.