ಕಾಂಗ್ರೆಸ್ ಕಸ, ಮೆಕ್ಸಿಕೋದ ಹುಳ ಮತ್ತು ನಮ್ಮ ಕಾಕಾ

ಶ್ರಾವಣದಲ್ಲಿ ನವಲಗುಂದಕ್ಕೆ ಹೋಗಿದ್ದೆ. ಸಂಜೆ ಕಾಲುವೆ ದಂಡೆ ಮೇಲೆ ಅಡ್ಡಾಡುವಾಗ ಒಂದು ಕಡೆ ಕಾಂಗ್ರೆಸ್ ಕಸ ಬರೀ ಕಡ್ಡಿಯಾಗಿ ನಿಂತಿದ್ದು ಕಣ್ಣಿಗೆ ಬಿತ್ತು. ಎಲೆ ಅನ್ನೋದು ಒಂದೂ ಇಲ್ಲ. ಯಾರೋ ಔಷಧ ಹೊಡೆದಿರಬೇಕು ಅಂದುಕೊಂಡು ಬಗ್ಗಿ ನೋಡಿದರೆ ಗಿಡದ ತುಂಬ ಹುಳ. ಕಡಲೆಬೇಳೆಯಷ್ಟು ಗಾತ್ರ, ಕೆನೆಬಣ್ಣದ ಬೆನ್ನು, ಅದರ ಮೇಲೆ ಕಂದು ಶಾಯಿಯಲ್ಲಿ ಮಗು ಗೀಚಿದ ಹಾಗೆ ಗೆರೆ. ಹಳೆಯ ಗುರುತಿನವರು ಸಿಕ್ಕಷ್ಟು ಖುಷಿಯಾಯಿತು. ಈ ಹುಳಕ್ಕೂ ನಮ್ಮ ಮನೆಗೂ ಒಂದು ಲೆಕ್ಕ ಬಾಕಿ ಇದೆ. ಅದನ್ನು ಹೇಳುವ ಮೊದಲು ಸ್ವಲ್ಪ ಇತಿಹಾಸ.

ಪಾರ್ಥೇನಿಯಂ ಹೇಗೆ ಬಂತು ಅಂತ ಯಾರನ್ನೇ ಕೇಳಿ, ಅಮೆರಿಕದ ಪಿ.ಎಲ್. 480 ಗೋಧಿಯ ಜೊತೆ ಬಂತು ಅಂತಾರೆ. ನಾನೂ ಬಹಳ ವರ್ಷ ಹಾಗೇ ಹೇಳಿಕೊಂಡು ಬಂದೆ. ಕಾಂಗ್ರೆಸ್ ಸರ್ಕಾರ ತರಿಸಿದ ಗೋಧಿ, ಅದಕ್ಕೇ ಕಾಂಗ್ರೆಸ್ ಕಸ. ಬಿಳಿ ಹೂವು ಗಾಂಧಿ ಟೋಪಿಯಂತೆ ಕಾಣುತ್ತೆ, ಅದಕ್ಕೆ ಆ ಹೆಸರು ಅನ್ನೋವರೂ ಇದ್ದಾರೆ. ಆದರೆ ಇಸವಿ ಹೊಂದಿಸಿ ನೋಡಿದರೆ ಗೋಧಿಯ ಕಥೆ ಸ್ವಲ್ಪ ಅಲುಗಾಡುತ್ತದೆ. ಪುಣೆಯಲ್ಲಿ ಈ ಗಿಡವನ್ನು ಗುರುತಿಸಿದ್ದು 1955ರಲ್ಲಿ. ಭಾರತ ಪಿ.ಎಲ್. 480 ಒಪ್ಪಂದಕ್ಕೆ ಮೊದಲು ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ. ಅಷ್ಟೇ ಅಲ್ಲ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ 1880ರಲ್ಲಿ ಬ್ರಾಂಡಿಸ್ ಸಂಗ್ರಹಿಸಿದ ಒಣಗಿದ ಮಾದರಿಯೇ ಇದೆ. ಗೋಧಿ ಮೂಟೆಗಳು ಬೀಜವನ್ನು ಊರೂರಿಗೆ ಹಂಚಿರಬಹುದು, ಮೊದಲ ಆರೋಪಿ ಮಾತ್ರ ಅವಲ್ಲ.

ನಮ್ಮಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟದ್ದು ನೀರು ಅನ್ನೋದು ನನ್ನ ಅನಿಸಿಕೆ. 1970ರ ದಶಕದಲ್ಲಿ ಮಲಪ್ರಭೆಯ ಕಾಲುವೆ ಬಂತು. (ಆ ನೀರಿನ ಕರದ ಜಗಳವೇ 1980ರ ಜುಲೈ 21ರ ನವಲಗುಂದ ಬಂಡಾಯಕ್ಕೆ ಕಾರಣವಾಯಿತು. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.) ಕಾಲುವೆ ದಂಡೆ, ಬಸಿನೀರು ನಿಲ್ಲುವ ಜಾಗ, ಬಿತ್ತದೆ ಬಿಟ್ಟ ಎರಿ ಹೊಲ, ಎಲ್ಲಾ ಕಡೆ ಬಿಳಿ ಹೂವು. ಒಂದು ಗಿಡ ಹದಿನೈದರಿಂದ ಇಪ್ಪತ್ತೈದು ಸಾವಿರ ಬೀಜ ಉದುರಿಸಬಲ್ಲದು. ಕಿತ್ತು ಮುಗಿಸೋದುಂಟೇ? ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಕಾನೂನಿನ ಪ್ರಕಾರ ಹಾನಿಕಾರಕ ಕಳೆ ಅಂತ ಸಾರಿತು. ಗಿಡಕ್ಕೆ ಕಾನೂನು ಓದಲು ಬರುತ್ತಿರಲಿಲ್ಲ :-)

ನಮ್ಮ ಕಾಕಾ ಅದನ್ನು ಕೈಯಿಂದಲೇ ಕೀಳುತ್ತಿದ್ದರು. ಮೊದಲು ಬೆರಳ ಸಂದಿಯಲ್ಲಿ ತುರಿಕೆ, ಆಮೇಲೆ ಕುತ್ತಿಗೆ, ಕಣ್ಣರೆಪ್ಪೆ. ಚರ್ಮ ಆನೆ ಚರ್ಮದಂತೆ ದಪ್ಪಗಾಗಿ ಕಪ್ಪಾಯಿತು. ಬಿಸಿಲಿಗೆ ಹೋದರೆ ಉರಿ. ಗಿಡದಲ್ಲಿರುವ ಪಾರ್ಥೆನಿನ್ ಅನ್ನುವ ವಸ್ತುವಿನಿಂದ ಹೀಗಾಗುತ್ತದೆ ಅಂತ ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. 1970ರ ದಶಕದಲ್ಲೇ ಪುಣೆಯ ಸುತ್ತ ಇಂಥ ರೋಗಿಗಳನ್ನು ಕಂಡು ವೈದ್ಯರು ಬರೆದಿದ್ದರು. ಹುಬ್ಬಳ್ಳಿಯ ಡಾಕ್ಟರೊಬ್ಬರು ಮುಲಾಮು ಬರೆದುಕೊಟ್ಟು, "ಹೊಲಕ್ಕ ಹೋಗೂದು ಬಿಡ್ರಿ ಅಜ್ಜಾರ" ಅಂದರಂತೆ. ಕಾಕಾಗೆ ಆಗ ನಲವತ್ತೂ ತುಂಬಿರಲಿಲ್ಲ. ಅಜ್ಜಾರ ಅಂದದ್ದಕ್ಕೆ ಬೇಜಾರಾಯಿತೋ, ಹೊಲ ಬಿಡು ಅಂದದ್ದಕ್ಕೋ, ಮನೆಗೆ ಬಂದು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಹುಳದಿಂದ ಕಳೆ ತಿನ್ನಿಸುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಅದು ಶುರುವಾದದ್ದೇ ಇಲ್ಲಿ, ಅದೂ ಒಂದು ಎಡವಟ್ಟಿನಿಂದ. ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳ ಆಗ ಸ್ಪೇನಿನವರ ಮುಷ್ಟಿಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಅದರ ಆಸೆ. 1795ರಲ್ಲಿ ಬ್ರೆಜಿಲ್‌ನಿಂದ ಹುಳ ತರಿಸಿ ಪಾಪಾಸುಕಳ್ಳಿಯ ಮೇಲೆ ಬಿಟ್ಟರು. ಬಂದದ್ದು ಅದರ ದಾಯಾದಿ ಜಾತಿ. ಬಣ್ಣ ಕಳಪೆ, ಹಸಿವು ಜೋರು! ಬಣ್ಣದ ವ್ಯಾಪಾರ ಮುಳುಗಿತು, ಆದರೆ ಒಂದು ಜಾತಿಯ ಕಳ್ಳಿಯನ್ನು ಅದು ತಿಂದು ತೇಗಿತು. 1830ರ ದಶಕದಲ್ಲಿ ಅದನ್ನು ಬೇಕೆಂದೇ ದಕ್ಷಿಣ ಭಾರತಕ್ಕೆ ಒಯ್ದು ಬಿಟ್ಟರು. ಇನ್ನೊಂದು ಜಾತಿಯ ಕಳ್ಳಿಯನ್ನು ಮಾತ್ರ ಈ ಹುಳ ಮುಟ್ಟಲಿಲ್ಲ. ಅದಕ್ಕೆ ಬೇರೆ ಕೊಚಿನೀಲ್ ಹುಳ 1926ರಲ್ಲಿ ಸಿಂಹಳದಿಂದ ಬರಬೇಕಾಯಿತು. ಜಮಖಾನದ ಊರಿನವನಾದ ನನಗೆ ಬಣ್ಣ ಹುಡುಕಲು ಹೋಗಿ ಕಳೆ ಕಳೆದುಕೊಂಡ ಈ ಕಥೆ ಯಾಕೋ ಬಹಳ ಇಷ್ಟ.

ಬೆಂಗಳೂರು ಈ ವಿದ್ಯೆಯ ತವರಾದದ್ದು 1957ರಲ್ಲಿ, ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಅಲ್ಲಿ ಬಂದ ಮೇಲೆ. ನಮ್ಮ ಹುಳವನ್ನು ಮೆಕ್ಸಿಕೋದಿಂದ ತರಿಸಿದ್ದು 1983ರಲ್ಲಿ. ಹೆಸರು ಜೈಗೊಗ್ರಾಮಾ ಬೈಕೊಲೊರಾಟಾ (ಬಾಯಿಪಾಠಕ್ಕೆ ಒಂದು ವಾರ ಬೇಕು). ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೆ.ಪಿ. ಜಯಂತ್ ಅವರು ಅದನ್ನು ಬಂದೋಬಸ್ತಿನ ಪಂಜರದಲ್ಲಿ ಸಾಕಿ, ನಮ್ಮ ಬೆಳೆಗಳ ಎಲೆ ಒಂದೊಂದಾಗಿ ಇಟ್ಟು, ಬೇರೆ ಯಾವುದರ ಮೇಲೂ ಇದು ಸಂಸಾರ ಹೂಡುವುದಿಲ್ಲ ಅಂತ ಖಾತ್ರಿ ಮಾಡಿಕೊಂಡರು. 1984ರಲ್ಲಿ ಬೆಂಗಳೂರಿನ ಬಯಲಲ್ಲಿ ಬಿಟ್ಟರು. ಮೊದಲ ಮೂರ್ನಾಲ್ಕು ವರ್ಷ ಹುಳದ ಸದ್ದೇ ಇಲ್ಲ. 1988ರ ಮಳೆಗಾಲದ ಹೊತ್ತಿಗೆ ನೋಡಿದವರು ಬೆರಗಾದರು. ಎಕರೆಗಟ್ಟಲೆ ಪಾರ್ಥೇನಿಯಂ ಬೋಳು, ಅದರ ಅಡಿಯಲ್ಲಿ ಉಸಿರುಗಟ್ಟಿದ್ದ ನಾಡಿನ ಗಿಡಗಳು ಮತ್ತೆ ತಲೆ ಎತ್ತಿದ್ದವು. ಮೊಟ್ಟೆಯಿಂದ ಜೀರುಂಡೆಯಾಗಲು ಸುಮಾರು ಒಂದು ತಿಂಗಳು. ಮರಿಯೂ ತಿನ್ನುತ್ತೆ, ದೊಡ್ಡದೂ ತಿನ್ನುತ್ತೆ.

ಅಷ್ಟರಲ್ಲಿ ತಕರಾರು ಎದ್ದಿತು: ಹುಳ ಸೂರ್ಯಕಾಂತಿ ಎಲೆ ತಿನ್ನುತ್ತಿದೆ!

ಇದು ಸಣ್ಣ ಸುದ್ದಿಯಲ್ಲ. 1986ರಲ್ಲಿ ಎಣ್ಣೆಕಾಳಿನ ತಂತ್ರಜ್ಞಾನ ಮಿಷನ್ ಶುರುವಾದ ಮೇಲೆ ಕರ್ನಾಟಕದ ತುಂಬ ಸೂರ್ಯಕಾಂತಿ, ನಮ್ಮ ಎರಿ ಭೂಮಿಯಲ್ಲೂ ಅದೇ. ಪಾರ್ಥೇನಿಯಂ ಮತ್ತು ಸೂರ್ಯಕಾಂತಿ ಎರಡೂ ಒಂದೇ ಕುಟುಂಬದ ಗಿಡಗಳು, ಹಾಗಾಗಿ ಅನುಮಾನಕ್ಕೆ ಆಧಾರವೂ ಇತ್ತು. 1990ರ ದಶಕದ ಆರಂಭದಲ್ಲಿ ಗದ್ದಲ ಎಷ್ಟಾಯಿತೆಂದರೆ ಹುಳ ಬಿಡುವುದನ್ನೇ ನಿಲ್ಲಿಸಿ ಸತ್ಯಶೋಧನೆಗೆ ಸಮಿತಿ ಕೂಡಿಸಬೇಕಾಯಿತು. ಪರೀಕ್ಷೆಯಲ್ಲಿ ಕಂಡದ್ದು ಸ್ವಾರಸ್ಯದ ಸಂಗತಿ. ಗಾಳಿಗೆ ಹಾರಿದ ಪಾರ್ಥೇನಿಯಂ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಕೂತಾಗ ಹುಳ ಅದರ ರುಚಿಗೆ ಎಲೆ ಕೆರೆಯುತ್ತಿತ್ತು. ಬರೀ ಸೂರ್ಯಕಾಂತಿ ಮೇಲೇ ಇಟ್ಟರೆ ಮೊಟ್ಟೆಯಿಟ್ಟು ವಂಶ ಬೆಳೆಸಲು ಅದಕ್ಕೆ ಆಗಲಿಲ್ಲ. ಅಂದರೆ ಕಳೆ ಮುಗಿದ ಕಡೆ ಹಸಿದ ಹುಳ ಪಕ್ಕದ ಹೊಲಕ್ಕೆ ನುಗ್ಗಿದ್ದು ನಿಜ, ಅಲ್ಲಿ ನೆಲೆಸಲಿಲ್ಲ. ವಿಜ್ಞಾನಿಗಳು ಗೆದ್ದರು ಅಂತ ಬರೆಯೋದು ಸುಲಭ. ಎಲೆ ತೂತಾದ ರೈತ ಹೇಳಿದ್ದೂ ಸುಳ್ಳಲ್ಲ ಅನ್ನೋದನ್ನು ಯಾಕೋ ಯಾರೂ ಬರೆಯುವುದಿಲ್ಲ.

ಆ ರೈತರಲ್ಲಿ ನಮ್ಮ ಕಾಕಾನೂ ಒಬ್ಬರು. ನಾನಾಗ ಹೈಸ್ಕೂಲು. ಹೊಲದ ಬದುವಿನ ಪಾರ್ಥೇನಿಯಂ ಬೋಳಾಗಿತ್ತು, ಬದುವಿನ ಪಕ್ಕದ ಎರಡು ಸಾಲು ಸೂರ್ಯಕಾಂತಿಯ ಮೇಲೆ ಹುಳ. ಮೈತುಂಬ ಅರಿವೆ ಸುತ್ತಿಕೊಂಡು ಕಾಕಾ ಬೆನ್ನಿಗೆ ಪಂಪು ಏರಿಸಿದರು.

"ಕಾಕಾ, ಇವು ಕಸಾ ತಿನ್ನು ಹುಳಾ ಅಂತ ಪೇಪರಿನ್ಯಾಗ ಬಂದಿತ್ರೀ" ಅಂದೆ.

"ಕಸಾ ತಿನ್ನಾಕ ಬಂದದ್ದು ನನ್ನ ಪೀಕಿನ ಮ್ಯಾಲ ಯಾಕ ಕುಂತೈತಲೇ ತಮ್ಮಾ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಲಿಗೂ ಹೊಡೆದರು, ಬದುವಿಗೂ ಹೊಡೆದರು. ಹುಳ ಸತ್ತವು. ಮುಂದಿನ ಮಳೆಗೆ ಬದುವಿನ ಮೇಲೆ ಕಸ ಎದೆಮಟ್ಟ ಬೆಳೆಯಿತು. ಅದನ್ನು ಕೀಳಲು ಆಳು ಹಚ್ಚಿದರು, ಆಳುಗಳಿಗೂ ತುರಿಕೆ ಶುರುವಾಗಿ ಅವರೂ ಬರುವುದು ಬಿಟ್ಟರು. ಕೊನೆಗೆ ಆ ಹೊಲವನ್ನು ಕಾಕಾ ಲಾವಣಿಗೆ ಕೊಟ್ಟರು.

ಧಾರವಾಡದವರು ಹೆಮ್ಮೆಪಡುವ ವಿಷಯ ಒಂದಿದೆ. ಪಾರ್ಥೇನಿಯಂ ನಿಯಂತ್ರಣದ ಬಗ್ಗೆ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ನಮ್ಮ ಕೃಷಿ ವಿಶ್ವವಿದ್ಯಾಲಯದಲ್ಲಿ, 1997ರ ಅಕ್ಟೋಬರ್ 6ರಿಂದ 8ರವರೆಗೆ. ಆಗ ಕುಲಪತಿಯಾಗಿದ್ದವರು ಡಾ. ಎಂ. ಮಹದೇವಪ್ಪ. ಭತ್ತದ ತಳಿ ವಿಜ್ಞಾನಿ, 2021ರಲ್ಲಿ ತೀರಿಕೊಂಡರು. ಭತ್ತದವರಿಗೆ ಈ ಕಸದ ಹುಚ್ಚು ಹೇಗೆ ಹಿಡಿಯಿತೋ! ಅವರು ಹುಳದಷ್ಟೇ ಒತ್ತು ಕೊಟ್ಟದ್ದು ಇನ್ನೊಂದು ಗಿಡಕ್ಕೆ, ತಗಚೆಯ ಬಳಗದ ಕ್ಯಾಶಿಯಾ ಸೆರಿಸಿಯಾ. ಮಳೆಗೆ ಮುಂಚೆ ಇದರ ಬೀಜ ಚೆಲ್ಲಿದರೆ ಒತ್ತಾಗಿ ಬೆಳೆದು ಪಾರ್ಥೇನಿಯಂಗೆ ಜಾಗವನ್ನೇ ಬಿಡುವುದಿಲ್ಲ. ಇದೂ ಹೊರಗಿನಿಂದ ಬಂದ ಗಿಡವೇ. ಒಬ್ಬ ಪರದೇಶಿಯನ್ನು ಓಡಿಸಲು ಇನ್ನೊಬ್ಬನನ್ನು ಕೂರಿಸುವುದು ನನಗೆ ಅಷ್ಟು ಸಮಾಧಾನದ ಮಾತಲ್ಲ. ಆದರೆ ತುರಿಕೆ ಅನುಭವಿಸಿದವರಿಗೆ ಈ ಸೂಕ್ಷ್ಮ ಬೇಡ.

ಹುಳ ಪಾರ್ಥೇನಿಯಂ ಅನ್ನು ಮುಗಿಸಿಲ್ಲ, ಅದು ನಿಮಗೂ ಗೊತ್ತು. ಚಳಿಗಾಲ ಬಂದರೆ ಮಣ್ಣಿನೊಳಗೆ ಮಲಗುತ್ತದೆ, ಚೆನ್ನಾಗಿ ಮಳೆಯಾದ ಮೇಲೇ ಏಳುತ್ತದೆ. ಕಸಕ್ಕೆ ಅಂಥ ನಿಯಮವಿಲ್ಲ. ಕಾಲುವೆಯ ತೇವ ಸಿಕ್ಕರೂ ಸಾಕು, ಯಾವ ತಿಂಗಳಾದರೂ ಹುಟ್ಟುತ್ತದೆ. ಹುಳ ಮಲಗಿದ್ದಾಗ ಹೂಬಿಟ್ಟು ಬೀಜ ಉದುರಿಸಿ ಮುಗಿಸಿರುತ್ತದೆ. 2010ರಲ್ಲಿ ಪಪ್ಪಾಯದ ಹಿಟ್ಟುತಿಗಣೆಗೆ ಪೋರ್ಟೊರಿಕೊದಿಂದ ಸಣ್ಣ ಕಣಜ ತಂದು ಬಿಟ್ಟಾಗ ಕೆಲವೇ ತಿಂಗಳಲ್ಲಿ ತೋಟಗಳು ಚೇತರಿಸಿಕೊಂಡವು. ಎಲ್ಲಾ ಕಥೆ ಹಾಗೆ ಮುಗಿಯುವುದಿಲ್ಲ.

ಕಾಲುವೆ ದಂಡೆಯಿಂದ ಬರುವಾಗ ನೀರಿನ ಬಾಟ್ಲಿಯಲ್ಲಿ ಒಂದಿಪ್ಪತ್ತು ಹುಳ ಹಿಡಿದುಕೊಂಡು ಬಂದೆ. ಕಾಕಾ ಪಡಸಾಲೆಯಲ್ಲಿ ತುಂಬುತೋಳಿನ ಅಂಗಿ ಹಾಕಿಕೊಂಡು ಕೂತಿದ್ದರು. ಬೇಸಿಗೆಯಲ್ಲೂ ಅದೇ ಅಂಗಿ. ಬಾಟ್ಲಿಯನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ತಿರುವಿ ತಿರುವಿ ನೋಡಿದರು.

"ಹಿತ್ತಲದಾಗ ಬಿಡು" ಅಂದರು. "ಈಗ ಸೂರ್ಯಕಾಂತಿ ಯಾರ ಹಾಕ್ತಾರ? ಎಲ್ಲಾ ಹೆಸರು, ಕಡ್ಲಿ, ಗೊಂಜಾಳನ ಐತಿ."